2.6 ಸೂರ್ಯರ ತೂಕದ ನಕ್ಷತ್ರ ಸಿಕ್ಕಿದರೆ ಐನ್‌ಸ್ಟೈನ್ ತಪ್ಪಾ?

ಓದುಗರ ಪ್ರಶ್ನೆ: ಬದಿಯಡ್ಕ ಹತ್ತಿರದ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನ್ಯೂಟ್ರಾನ್ ನಕ್ಷತ್ರದ ತೂಕ ಸೂರ್ಯನ ಸುಮಾರು 2.2 ಪಟ್ಟಿನವರೆಗೆ ಮಾತ್ರ ಹೋಗಬಹುದು ಎಂದು ವಿಜ್ಞಾನ ಕ್ಲಬ್ಬಿನಲ್ಲಿ ಹೇಳಿದ್ದೆ. ಮರುದಿನ ಒಂಬತ್ತನೇ ತರಗತಿಯ ಹುಡುಗನೊಬ್ಬ ವಿಡಿಯೊ ತೋರಿಸಿದ. "ಸರ್, 2.6 ಪಟ್ಟಿನದ್ದು ಸಿಕ್ಕಿದೆಯಂತೆ. ಐನ್‌ಸ್ಟೈನ್ ಸೂತ್ರ ಬಿದ್ದುಹೋಯ್ತಂತೆ, ಈಗ ಹೊಸ ಗುರುತ್ವ ಬಂದಿದೆಯಂತೆ" ಎಂದ. ನನಗೆ ಉತ್ತರ ಹೊಳೆಯಲಿಲ್ಲ. ಇದೇ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಎಂಎಸ್ಸಿ ಕೊನೆಯ ವರ್ಷದಲ್ಲಿರುವವಳು, ಈ "ಮಾರ್ಪಡಿಸಿದ ಗುರುತ್ವ"ದಲ್ಲೇ ಸಂಶೋಧನೆ ಮಾಡುತ್ತೇನೆ ಎಂದು ಹೊರಟಿದ್ದಾಳೆ. ಅವಳ ಅಪ್ಪ ನನ್ನಲ್ಲಿಗೆ ಬಂದು "ಮಾಷ್ಟ್ರೇ, ಇದ್ರಲ್ಲಿ ಎಂತಾದ್ರೂ ಉಂಟಾ?" ಎಂದು ಕೇಳಿದರು. ನಾನು ಕಲಿಸಿದ್ದು ತಪ್ಪಾ? ಅವಳಿಗೆ ಏನು ಹೇಳಲಿ? ಇನ್ನೊಂದು ಸಣ್ಣ ಪ್ರಶ್ನೆ: ಶಾಲೆಯಲ್ಲಿ ನಾಲ್ಕಿಂಚಿನ ದೂರದರ್ಶಕ ಉಂಟು. ಅದರಲ್ಲಿ ನ್ಯೂಟ್ರಾನ್ ನಕ್ಷತ್ರ ಕಾಣಿಸಬಹುದಾ?

ಉತ್ತರ:

ಮಾಷ್ಟ್ರೇ, ನೀವು ಕಲಿಸಿದ್ದು ತಪ್ಪಲ್ಲ. ಹುಡುಗ ತೋರಿಸಿದ ವಿಡಿಯೊ ಕೂಡ ಪೂರ್ತಿ ಸುಳ್ಳಲ್ಲ. ಆದರೆ ವಿಡಿಯೊ ಮಾಡಿದವರು ನಡುವಿನ ಎರಡು ಮೆಟ್ಟಿಲು ಹಾರಿದ್ದಾರೆ. 2.6 ಪಟ್ಟು ತೂಗಿದ ಆ ವಸ್ತು ನ್ಯೂಟ್ರಾನ್ ನಕ್ಷತ್ರವೇ, ಅಂದರೆ ದೊಡ್ಡ ನಕ್ಷತ್ರ ಸಿಡಿದ ಮೇಲೆ ಉಳಿಯುವ ಒತ್ತಿದ ತಿರುಳೇ, ಹೌದಾ? ಹೌದಾದರೆ, ಅದರ ಒಳಗಿನ ಸಾಮಾನು ಎಷ್ಟು ಗಟ್ಟಿ? ಇವೆರಡಕ್ಕೆ ಉತ್ತರ ಸಿಗದೆ ಗುರುತ್ವದ ಮೇಲೆ ಕೇಸು ಹಾಕಲು ಬರುವುದಿಲ್ಲ.

(ಮಕ್ಕಳಿಗೆ ನೀವು "ದ್ರವ್ಯರಾಶಿ" ಎಂದೇ ಹೇಳಿ. ನಾನು ಇಲ್ಲಿ ಸುಮ್ನೆ ತೂಕ ಅನ್ನುತ್ತೇನೆ. ಇಡೀ ಜೀವಮಾನ ಇಂಥ ನಕ್ಷತ್ರಗಳ ಲೆಕ್ಕ ಮಾಡಿದವರೂ ಚಹಾ ಕುಡಿಯುವಾಗ ತೂಕ ಅಂತಲೇ ಮಾತಾಡಿಕೊಳ್ಳುತ್ತೇವೆ.)

ಮೊದಲು ನಡೆದದ್ದು ಏನು ಅಂತ ನೋಡುವ. 2019ರ ಆಗಸ್ಟ್ 14ರಂದು ಅಮೆರಿಕದ ಲೈಗೊ ಮತ್ತು ಇಟಲಿಯ ವರ್ಗೊ ಯಂತ್ರಗಳಿಗೆ ಒಂದು ಗುರುತ್ವದ ಅಲೆ, ಅಂದರೆ ಭಾರದ ವಸ್ತುಗಳು ಸುತ್ತುವಾಗ ಜಾಗದಲ್ಲೇ ಏಳುವ ಕಂಪನ, ಸಿಕ್ಕಿತು. ಸುಮಾರು 80 ಕೋಟಿ ಜ್ಯೋತಿರ್ವರ್ಷ ದೂರದಲ್ಲಿ ಎರಡು ವಸ್ತುಗಳು ಒಂದರೊಳಗೊಂದು ಬಿದ್ದಿದ್ದವು. ಒಂದರ ತೂಕ ಸೂರ್ಯನ 23 ಪಟ್ಟು, ಇನ್ನೊಂದರದ್ದು 2.6 ಪಟ್ಟು. ದೊಡ್ಡದು ಕಪ್ಪುಕುಳಿ, ಅದರಲ್ಲಿ ಚರ್ಚೆಯಿಲ್ಲ. ಸಣ್ಣದು? ಅದು ನ್ಯೂಟ್ರಾನ್ ನಕ್ಷತ್ರವಾಗಿದ್ದರೆ ಕೊನೆಯ ಕ್ಷಣಗಳಲ್ಲಿ ಜೊತೆಗಾರನ ಸೆಳೆತಕ್ಕೆ ಸ್ವಲ್ಪ ಹಿಗ್ಗಬೇಕು, ಆ ಹಿಗ್ಗಿದ ಗುರುತು ಅಲೆಯಲ್ಲಿ ಉಳಿಯಬೇಕು. ಆದರೆ ಜೊತೆಗಾರ ಒಂಬತ್ತು ಪಟ್ಟು ದೊಡ್ಡವನಾದಾಗ ಆ ಗುರುತು ಕೈಗೆ ಸಿಗದಷ್ಟು ಸಣ್ಣದಾಗುತ್ತದೆ. ಬೆಳಕು ಕಂಡಿದ್ದರೂ ಒಂದು ಸುಳಿವು ಸಿಗುತ್ತಿತ್ತು. ಯಾವ ದೂರದರ್ಶಕಕ್ಕೂ ಕಾಣಲಿಲ್ಲ. ಹಾಗಾಗಿ ಕಂಡುಹಿಡಿದವರೇ 2020ರಲ್ಲಿ ಬರೆದದ್ದು ಇಷ್ಟು: ಇದು ಈವರೆಗಿನ ಅತಿ ಭಾರದ ನ್ಯೂಟ್ರಾನ್ ನಕ್ಷತ್ರವಾಗಿರಬಹುದು, ಇಲ್ಲವೇ ಅತಿ ಹಗುರದ ಕಪ್ಪುಕುಳಿಯಾಗಿರಬಹುದು. ವಿಡಿಯೊದಲ್ಲಿ ಈ "ಇಲ್ಲವೇ" ಬಿದ್ದುಹೋಗಿದೆ, ಅಲ್ವಾ?

ತುಡಿತ ಕೇಳಿಸುವ ನಕ್ಷತ್ರಗಳ ಮಾತೇ ಬೇರೆ. ಪಲ್ಸಾರ್ ಎಂದರೆ ತಿರುಗುತ್ತಾ ರೇಡಿಯೊ ಬೆಳಕು ಬೀಸುವ ನ್ಯೂಟ್ರಾನ್ ನಕ್ಷತ್ರ. ತುಡಿತ ಬಂದರೆ ಅದು ಕಪ್ಪುಕುಳಿ ಅಲ್ಲವೆಂದು ಖಾತ್ರಿ. ಇವುಗಳಲ್ಲಿ ಎರಡು ಸೂರ್ಯರ ತೂಕದ ಆಸುಪಾಸಿನದ್ದು ಮೊದಲು ಗಟ್ಟಿಯಾಗಿ ಸಿಕ್ಕಿದ್ದು 2010ರಲ್ಲಿ, ಹೆಸರು ಜೆ1614-2230. ಆಗ 1.97 ಎಂದರು. ಆಮೇಲೆ ಜಾಸ್ತಿ ದಿನ ಅಳೆದಾಗ ಅದು 1.9ರ ಹತ್ತಿರಕ್ಕೆ ಇಳಿಯಿತು. 2013ರಲ್ಲಿ ಜೆ0348+0432, ತೂಕ 2.01 ಎಂದರು. ಜೆ0740+6620 ಮೊದಲು 2.14 ಅನಿಸಿಕೊಂಡು, 2021ರಲ್ಲಿ 2.08ಕ್ಕೆ ನಿಂತಿತು, ಆಚೀಚೆ 0.07. 2022ರಲ್ಲಿ ಸೆಕೆಂಡಿಗೆ 707 ಸುತ್ತು ತಿರುಗುವ ಜೆ0952-0607 ಬಂತು, 2.35, ಆಚೀಚೆ 0.17. ಈ "ಆಚೀಚೆ"ಯನ್ನು ಹುಡುಗನಿಗೆ ಬೋರ್ಡಿನಲ್ಲಿ ಬರೆದು ತೋರಿಸಿ. 2.35ರಿಂದ 0.17 ಕಳೆದರೆ 2.18. ನೀವು ಹೇಳಿದ 2.2ರ ಜಗಲಿಯಲ್ಲೇ ಕೂತಿದೆ. ಕೊನೆಯ ಈ ನಕ್ಷತ್ರದ ತೂಕ ಹಾಕಿದ್ದು ಜೊತೆಗಾರ ನಕ್ಷತ್ರದ ಒಂದು ಬದಿ ಎಷ್ಟು ಕಾದಿದೆ ಎಂಬ ಊಹೆಯನ್ನು ಸೇರಿಸಿ. ಹಾಗಾಗಿ ನಾನು ಅದನ್ನು ಜೆ0740ರಷ್ಟು ನಂಬುವುದಿಲ್ಲ.

ಜೆ1614 ಮತ್ತು ಜೆ0740ರ ತೂಕ ಹಾಕಿದ ರೀತಿ ಚಂದ ಉಂಟು. ಪಲ್ಸಾರ್‌ನ ತುಡಿತ ಜೊತೆಗಾರ ನಕ್ಷತ್ರದ ಪಕ್ಕದಿಂದ ಹಾದು ಬರುವಾಗ ಅಲ್ಲಿ ಬಾಗಿದ ಜಾಗವನ್ನು ದಾಟಬೇಕು, ಅದಕ್ಕೆ ತಡವಾಗುತ್ತದೆ. ಎಷ್ಟು? ಜೆ1614ರಲ್ಲಿ ಕೆಲವು ಹತ್ತು ಮೈಕ್ರೋಸೆಕೆಂಡು. ಮೈಕ್ರೋಸೆಕೆಂಡೆಂದರೆ ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ಆ ತಡದಿಂದ ಜೊತೆಗಾರನ ತೂಕ, ಅದರಿಂದ ಪಲ್ಸಾರ್‌ನ ತೂಕ. ಒಂದು ತಮಾಷೆ ನೋಡಿ: ಈ ಲೆಕ್ಕಕ್ಕೆ ಬೇಕಾದ ಸೂತ್ರ ಐನ್‌ಸ್ಟೈನನದ್ದೇ. ಅವನ ತಕ್ಕಡಿಯಲ್ಲೇ ತೂಗಿ ಅವನು ತಪ್ಪು ಅಂತ ಹೇಳುವುದಾದರೆ ಬಹಳ ಜಾಗ್ರತೆ ಬೇಕು.

ಇನ್ನು ಮಿತಿ ಯಾಕೆ ಇರುತ್ತದೆ ಎಂಬುದು. ಇದಕ್ಕೆ ನಿಮ್ಮ ಕಡೆಯ ಮಕ್ಕಳಿಗೆ ಹೆಚ್ಚಿನ ಕಡೆಯವರಿಗೆ ಇಲ್ಲದ ಅನುಕೂಲ ಉಂಟು, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗ.

ಶೇಣಿ ಕಡೆಯ ನಮ್ಮ ತೋಟದ ಮೇಲಿನ ಗುಡ್ಡೆಯಲ್ಲಿ ಅಜ್ಜನ ಕಾಲದ್ದೊಂದು ಇದೆ. ಸಣ್ಣವನಿದ್ದಾಗ ಮಾವನ ಹಿಂದೆ ಮೇಣದಬತ್ತಿ ಹಿಡಿದು ಒಳಗೆ ಹೋಗುತ್ತಿದ್ದೆ. ಬತ್ತಿ ಮಂಕಾದರೆ ಗಾಳಿ ಸಾಲದು, ತಿರುಗಿ ಬರಬೇಕು. ಕಾಲಡಿಯಲ್ಲಿ ಪಾದ ಮುಳುಗುವಷ್ಟು ತಣ್ಣನೆಯ ನೀರು, ಎರಡೂ ಬದಿ ಭುಜಕ್ಕೆ ತಾಗುವ ಗೋಡೆ, ಗೋಡೆಯಲ್ಲಿ ಪಿಕ್ಕಾಸಿನ ಏಟಿನ ಗೆರೆಗಳು ಇನ್ನೂ ಹಾಗೇ. ತಲೆಯ ಮೇಲೆ ಇಡೀ ಗುಡ್ಡೆ. ಒಂದು ಕಂಬವಿಲ್ಲ, ಒಂದು ಹಲಗೆಯಿಲ್ಲ. ಅಷ್ಟು ಮಳೆಗಾಲ ಕಳೆದರೂ ಕುಸಿದಿಲ್ಲ. ಯಾಕೆ? ಮುರಕಲ್ಲು ಗಟ್ಟಿ ಇರಬಹುದು. ಅಥವಾ ಮೇಲಿನ ಗುಡ್ಡೆಯ ಭಾರ ನಾವು ಎಣಿಸಿದ್ದಕ್ಕಿಂತ ಕಡಿಮೆ ಇರಬಹುದು. ಸುರಂಗ ನಿಂತಿದೆ ಎಂಬ ಒಂದೇ ಸಂಗತಿಯಿಂದ ಇವೆರಡರಲ್ಲಿ ಯಾವುದು ಅಂತ ಹೇಳಲು ಆಗುವುದಿಲ್ಲ. ಒಂದು ಕಲ್ಲು ಕಡಿದು ಹೊರಗೆ ತಂದು ಒತ್ತಿ ನೋಡಬೇಕು.

ನ್ಯೂಟ್ರಾನ್ ನಕ್ಷತ್ರದ ಕಥೆಯೂ ಇದೇ. ಗುಡ್ಡೆಯ ಭಾರದ ಜಾಗದಲ್ಲಿ ಗುರುತ್ವ, ಮುರಕಲ್ಲಿನ ಜಾಗದಲ್ಲಿ ಒಳಗಿನ ಪದಾರ್ಥ. 12 ಕಿಲೋಮೀಟರ್ ಆಸುಪಾಸಿನ ತ್ರಿಜ್ಯ, ಅಂದರೆ ಹೆಚ್ಚುಕಮ್ಮಿ ಕಾಸರಗೋಡು ಪೇಟೆಯಿಂದ ಕುಂಬಳೆಯವರೆಗೆ. ಅಷ್ಟರೊಳಗೆ ಸೂರ್ಯನಿಗಿಂತ ಜಾಸ್ತಿ ತೂಕ. ಒಂದು ಸಣ್ಣ ಅಡಿಕೆ ಹೋಳಿನಷ್ಟು ತೆಗೆದರೆ ಸುಮಾರು 40 ಕೋಟಿ ಟನ್. ಇಷ್ಟು ಒತ್ತಿದ ಪದಾರ್ಥ ಹೇಗೆ ವರ್ತಿಸುತ್ತದೆ ಎಂದು ಪ್ರಯೋಗಾಲಯದಲ್ಲಿ ನೇರ ನೋಡುವ ದಾರಿಯಿಲ್ಲ. ನಮಗೆ ಕಡಿದು ತರಲು ಕಲ್ಲಿಲ್ಲ. ಭಾರ ಗೊತ್ತಿಲ್ಲದ ಗುಡ್ಡೆ, ಗಟ್ಟಿ ಗೊತ್ತಿಲ್ಲದ ಕಲ್ಲು, ಇಷ್ಟೇ ಕೈಯಲ್ಲಿರುವುದು.

ಸುರಂಗಕ್ಕೂ ನಕ್ಷತ್ರಕ್ಕೂ ಒಂದು ವ್ಯತ್ಯಾಸ ಮಾತ್ರ ಉಂಟು, ಮಿತಿಯ ಗುಟ್ಟು ಅದರಲ್ಲೇ ಇದೆ. ಸುರಂಗಕ್ಕೆ ಕಂಬ ಕೊಟ್ಟರೆ ಅದು ಮಾಡನ್ನು ಎತ್ತಿ ಹಿಡಿಯುತ್ತದೆ, ಅಷ್ಟೇ. ಐನ್‌ಸ್ಟೈನನ ಗುರುತ್ವದಲ್ಲಿ ಒತ್ತಡಕ್ಕೂ ಸೆಳೆತವಿದೆ. ನಕ್ಷತ್ರವನ್ನು ಎತ್ತಿ ಹಿಡಿಯುವ ಒತ್ತಡವೇ ಗುರುತ್ವವನ್ನೂ ಹೆಚ್ಚಿಸುತ್ತದೆ. ಕಂಬ ಕೊಟ್ಟಷ್ಟೂ ಗುಡ್ಡೆಯ ಭಾರ ಏರಿದ ಹಾಗೆ. ಹೀಗಾಗಿ ಒಂದು ಹಂತ ದಾಟಿದ ಮೇಲೆ ಎಷ್ಟು ಗಟ್ಟಿ ಸಾಮಾನಾದರೂ ಪ್ರಯೋಜನವಿಲ್ಲ, ಕುಸಿದು ಕಪ್ಪುಕುಳಿಯೇ.

ಆ ಹಂತ ಎಲ್ಲಿ? 1939ರಲ್ಲಿ ಓಪನ್‌ಹೈಮರ್ ಮತ್ತು ವೋಲ್ಕಾಫ್ ಲೆಕ್ಕ ಹಾಕಿ 0.7 ಸೂರ್ಯ ಎಂದರು. ಅವರ ಗುರುತ್ವ ಸರಿಯಿತ್ತು. ಆದರೆ ನ್ಯೂಟ್ರಾನುಗಳು ಹತ್ತಿರ ಬಂದಾಗ ಒಂದನ್ನೊಂದು ಬಲವಾಗಿ ತಳ್ಳುತ್ತವೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಇವತ್ತು ಅದರ ಎರಡು ಪಟ್ಟು ತೂಗುವ ನಕ್ಷತ್ರಗಳು ಮಾಮೂಲಿ. 0.7 ದಾಟಿದ ನಕ್ಷತ್ರ ಕಂಡಾಗ ಯಾರೂ ಗುರುತ್ವ ತಪ್ಪು ಎನ್ನಲಿಲ್ಲ, ಸಾಮಾನು ಗಟ್ಟಿ ಇದೆ ಎಂದರು. 1974ರಲ್ಲಿ ರೋಡ್ಸ್ ಮತ್ತು ರುಫೀನಿ ಬೇರೆ ದಾರಿ ಹಿಡಿದರು. ಸಾಮಾನು ಏನೇ ಇರಲಿ, ಅದರೊಳಗೆ ಶಬ್ದ ಬೆಳಕಿಗಿಂತ ಬೇಗ ಹೋಗಬಾರದು ಅಂತ ಮುಖ್ಯವಾಗಿ ಇಟ್ಟುಕೊಂಡರು. ಬಂದ ಮಿತಿ 3.2. ಮಾಷ್ಟ್ರೇ, ನಿಮ್ಮ ಹುಡುಗನಿಗೆ ಹೇಳಬೇಕಾದ ಸಂಖ್ಯೆ ಇದು. ಐನ್‌ಸ್ಟೈನನ ಸೂತ್ರ ಹಾಕಿದ ಗೆರೆ 3ರ ಆಚೆ ಇದೆ. 2.6 ಅದರೊಳಗೇ ಬರುತ್ತದೆ.

ಹಾಗಾದರೆ ನೀವು ಹೇಳಿದ 2.2 ಎಲ್ಲಿಂದ? 2017ರ ಆಗಸ್ಟ್ 17ರಿಂದ. ಆ ದಿನ ಎರಡು ನ್ಯೂಟ್ರಾನ್ ನಕ್ಷತ್ರ ಡಿಕ್ಕಿಯಾದದ್ದು ಅಲೆಯಲ್ಲೂ ಬೆಳಕಿನಲ್ಲೂ ಸಿಕ್ಕಿತು. ಎರಡೂ ಸೇರಿ 2.7ರ ಹತ್ತಿರ. ಬಂದ ಬೆಳಕಿನ ರೀತಿ ನೋಡಿದರೆ, ಸೇರಿದ ಮುದ್ದೆ ಸ್ವಲ್ಪ ಹೊತ್ತು ನಿಂತು ಆಮೇಲೆ ಕುಸಿದ ಹಾಗಿತ್ತು. ಅದರಿಂದ ಹಲವು ಗುಂಪುಗಳು ಮಿತಿ 2.2ರಿಂದ 2.3ರ ಸುತ್ತ ಎಂದು ಅಂದಾಜು ಮಾಡಿದವು. ಒಳ್ಳೆಯ ಅಂದಾಜೇ, ಆದರೆ ಅಂದಾಜು. ಮುಂದಿನ ಸಲ ಕ್ಲಾಸಿನಲ್ಲಿ "ಮಾತ್ರ ಹೋಗಬಹುದು" ಎನ್ನುವ ಬದಲು "ಈಗಿನ ಅಂದಾಜು" ಎನ್ನಿ, ಸಾಕು.

ಇನ್ನು 2.6ಕ್ಕೆ ಯಾವ ವಿವರಣೆ ಹಿಡಿಸುತ್ತದೆ? ನನ್ನ ಮನಸ್ಸು ಕಪ್ಪುಕುಳಿಯ ಕಡೆಗೇ, ಅದು ಎಲ್ಲಕ್ಕಿಂತ ಸರಳ. ಅದಕ್ಕೂ ಒಂದು ಬೆಲೆ ಉಂಟು. ಇಷ್ಟು ಸಣ್ಣ ಕಪ್ಪುಕುಳಿ ಹೇಗೆ ಹುಟ್ಟಿತು, ಅಷ್ಟು ದೊಡ್ಡ ಜೊತೆಗಾರ ಹೇಗೆ ಸಿಕ್ಕಿದ ಎಂದು ವಿವರಿಸಬೇಕು. ವೇಗವಾಗಿ ತಿರುಗುವ ನಕ್ಷತ್ರ ಎಂದವರೂ ಇದ್ದಾರೆ. ತಿರುಗಿದರೆ ಸುಮಾರು 20 ಶೇಕಡಾ ಜಾಸ್ತಿ ಭಾರ ತಾಳಬಹುದು ನಿಜ. ಆದರೆ ಗೊತ್ತಿರುವ ಅತಿ ವೇಗದ ಪಲ್ಸಾರ್ ಸೆಕೆಂಡಿಗೆ 716 ಸುತ್ತು ತಿರುಗುತ್ತದೆ, ಇದಕ್ಕೆ ಅದಕ್ಕಿಂತಲೂ ಬಹಳ ಜಾಸ್ತಿ ಬೇಕು. ಸಾಮಾನೇ ಗಟ್ಟಿ ಎಂದರೆ ಇನ್ನೊಂದು ತೊಂದರೆ. ಗಟ್ಟಿ ಸಾಮಾನಿನ ನಕ್ಷತ್ರ ದಪ್ಪ ಇರುತ್ತದೆ, ಜೊತೆಗಾರ ಎಳೆದರೆ ಚೆನ್ನಾಗಿ ಹಿಗ್ಗುತ್ತದೆ. 2017ರ ಡಿಕ್ಕಿಯಲ್ಲಿ ಅಷ್ಟು ಹಿಗ್ಗಿದ ಗುರುತು ಕಾಣಲಿಲ್ಲ.

ಇಲ್ಲಿಂದ ನಿಮ್ಮ ಹುಡುಗಿಯ ವಿಷಯಕ್ಕೆ ಬರುತ್ತೇನೆ. ಮಾರ್ಪಡಿಸಿದ ಗುರುತ್ವ ಎಂಬುದು ಒಂದು ಸಿದ್ಧಾಂತವಲ್ಲ, ಐನ್‌ಸ್ಟೈನನ ಸೂತ್ರವನ್ನು ತಿದ್ದುವ ಸಿದ್ಧಾಂತಗಳ ದೊಡ್ಡ ಕುಟುಂಬ. ವಿಡಿಯೊ ನೋಡಿದವರಿಗೆ ಅದು ನಿನ್ನೆ ಮೊನ್ನೆ ಹುಟ್ಟಿದ್ದು ಅನಿಸುತ್ತದೆ. ಬ್ರಾನ್ಸ್ ಮತ್ತು ಡಿಕೆ 1961ರಲ್ಲೇ ಒಂದು ರೂಪ ಕೊಟ್ಟಿದ್ದರು. ಗುರುತ್ವದ ಜೊತೆಗೆ ಇನ್ನೊಂದು ಕ್ಷೇತ್ರವನ್ನೂ ಸೇರಿಸಿದರು. 1980ರಲ್ಲಿ ಸ್ಟಾರೊಬಿನ್‌ಸ್ಕಿ ಐನ್‌ಸ್ಟೈನನ ಸೂತ್ರದಲ್ಲಿ ಜಾಗದ ಬಾಗುವಿಕೆಯ ಜೊತೆಗೆ ಅದರ ವರ್ಗವನ್ನೂ ಕೂಡಿಸಿದರು. ಬಾಗುವಿಕೆ ಸಣ್ಣದಿದ್ದಲ್ಲಿ ಅದರ ವರ್ಗ ಇನ್ನೂ ಸಣ್ಣದು, ಲೆಕ್ಕಕ್ಕೇ ಬರುವುದಿಲ್ಲ. ಹಾಗಾಗಿ ಸೂರ್ಯನ ಸುತ್ತ ಏನೂ ವ್ಯತ್ಯಾಸ ಕಾಣದು. ನ್ಯೂಟ್ರಾನ್ ನಕ್ಷತ್ರದ ಒಳಗೆ ಬಾಗುವಿಕೆ ಜೋರು, ಅಲ್ಲಿ ಈ ಹೊಸ ಪದ ಬಾಯಿ ಬಿಡುತ್ತದೆ. ಕೆಲವು ಆಯ್ಕೆಗಳಲ್ಲಿ ಅದೇ ಸಾಮಾನಿನಿಂದ ಇನ್ನೂ ಭಾರದ ನಕ್ಷತ್ರ ಕಟ್ಟಲು ಸಾಧ್ಯವಾಗುತ್ತದೆ. 2.6ರ ಸುದ್ದಿ ಬಂದ ಮೇಲೆ ಇಂಥ ಲೆಕ್ಕಗಳು ಜಾಸ್ತಿಯಾದದ್ದು ಇದಕ್ಕೇ.

ಆಸೆ ಹುಟ್ಟಿಸುವ ವಿಚಾರವೇ. 1998ರಿಂದ ಬ್ರಹ್ಮಾಂಡ ಹಿಗ್ಗುವ ವೇಗ ಏರುತ್ತಿದೆ ಎಂದು ಗೊತ್ತಿದೆ, ಕಾರಣ ಗೊತ್ತಿಲ್ಲ. ಕಪ್ಪುಕುಳಿಯ ನಡುವಿನಲ್ಲಿ ಐನ್‌ಸ್ಟೈನನ ಸೂತ್ರ ತಾನೇ ಕೈಚೆಲ್ಲುತ್ತದೆ. ಹಾಗಾಗಿ ಎಲ್ಲೋ ಒಂದು ಕಡೆ ತಿದ್ದುಪಡಿ ಬೇಕು ಎನ್ನುವವರು ಹುಚ್ಚರಲ್ಲ. ನನ್ನ ತಕರಾರು ಒಂದೇ. ಹೊಸ ಪದದ ಮುಂದೆ ಒಂದು ಸಂಖ್ಯೆ ಇರುತ್ತದೆ, ತಿರುಪಿನ ಹಾಗೆ. ಅದನ್ನು ತಿರುಗಿಸಿ 2.6 ಬರಿಸಬಹುದು. ಗಟ್ಟಿ ಸಾಮಾನನ್ನು ಆರಿಸಿಕೊಂಡರೂ 2.6ರ ಹತ್ತಿರ ಬರಬಹುದು. ಎರಡು ತಿರುಪು, ಒಂದೇ ಮುಳ್ಳು. ಮುಳ್ಳು ಸರಿಯಾದ ಜಾಗಕ್ಕೆ ಬಂತೆಂದು ಯಾವ ತಿರುಪು ಸರಿ ಎಂದು ಹೇಳುವುದು ಹೇಗೆ?

ಸಿದ್ಧಾಂತಗಳ ಮೇಲೆ ಏಟು ಬೇರೆ ಕಡೆಯಿಂದ ಬೀಳುತ್ತದೆ. ಅದೇ 2017ರ ಡಿಕ್ಕಿಯಲ್ಲಿ ಗುರುತ್ವದ ಅಲೆ ಬಂದ 1.7 ಸೆಕೆಂಡಿನಲ್ಲಿ ಗಾಮಾ ಕಿರಣ ಬಂತು. ಹದಿಮೂರು ಕೋಟಿ ವರ್ಷ ಓಡಿ ಬಂದು ಎರಡು ಸೆಕೆಂಡಿನೊಳಗೆ ಒಟ್ಟಿಗೆ ಮುಟ್ಟಿದವು ಎಂದರೆ ವೇಗ ಒಂದೇ. ಅಲೆಯ ವೇಗ ಬೆಳಕಿಗಿಂತ ಬೇರೆ ಎನ್ನುತ್ತಿದ್ದ ಹಲವು ಸಿದ್ಧಾಂತಗಳು ಆ ದಿನವೇ ಮೂಲೆ ಸೇರಿದವು. ವರ್ಗ ಕೂಡಿಸಿದ ಸ್ಟಾರೊಬಿನ್‌ಸ್ಕಿ ಬಗೆಯದ್ದು ಉಳಿಯಿತು, ಅದರಲ್ಲಿ ಅಲೆಯ ವೇಗ ಬೆಳಕಿನದ್ದೇ. 1993ರಲ್ಲಿ ದಾಮೂರ್ ಮತ್ತು ಎಸ್ಪೊಸಿಟೊ-ಫಾರೆಸ್ ಹೇಳಿದ ಇನ್ನೊಂದು ಬಗೆ ನ್ಯೂಟ್ರಾನ್ ನಕ್ಷತ್ರಗಳಲ್ಲಿ ಮಾತ್ರ ಎಚ್ಚರಗೊಳ್ಳುವಂಥದ್ದು. ಅದರ ಸರಳ ರೂಪಕ್ಕೆ ಪಲ್ಸಾರ್ ಜೋಡಿಗಳು ಹೆಚ್ಚುಕಮ್ಮಿ ಬಾಗಿಲು ಮುಚ್ಚಿವೆ. 2003ರಲ್ಲಿ ಸಿಕ್ಕಿದ ಜೋಡಿ ಪಲ್ಸಾರನ್ನು 16 ವರ್ಷ ಅಳೆದು 2021ರಲ್ಲಿ ಫಲಿತಾಂಶ ಕೊಟ್ಟರು. ಐನ್‌ಸ್ಟೈನ್ ಹೇಳಿದ್ದಕ್ಕೂ ಅಳತೆಗೂ 99.99 ಶೇಕಡಾ ತಾಳೆ.

ಸ್ವಂತ ಒಂದು ಅವಾಂತರ ಹೇಳಿಬಿಡುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಪಲ್ಸಾರ್‌ನ ತುಡಿತ ದಿನ ಹೋದಂತೆ ತಡವಾಗಿ ಬರುತ್ತಿರುವುದು ಕಂಡಿತು. ಎರಡು ರಾತ್ರಿ ನಿದ್ದೆಯಿಲ್ಲ, ಪ್ರಬಂಧದ ಶೀರ್ಷಿಕೆಯೂ ಮನಸ್ಸಿನಲ್ಲಿ ತಯಾರು. ಮೂರನೇ ದಿನ ಪಕ್ಕದ ಇನ್ನೊಂದು ಪಲ್ಸಾರ್ ನೋಡಿದರೆ ಅದೂ ಅಷ್ಟೇ ತಡ. ಎರಡೂ ನಕ್ಷತ್ರ ಮಾತಾಡಿಕೊಂಡು ನಿಧಾನವಾಗುತ್ತವಾ? ತಪ್ಪಿದ್ದು ನಮ್ಮ ಗಡಿಯಾರ. ಒಂದು ಕೇಬಲ್ ಸಡಿಲ ಇತ್ತು. ಅಂದಿನಿಂದ ಹೊಸ ಗುರುತ್ವ ಎಂದು ಯಾರು ಬಂದರೂ ನಾನು ಮೊದಲು ಕೇಳುವುದು ಕೇಬಲ್ಲಿನ ವಿಚಾರ.

ಎರಡು ತಿರುಪನ್ನು ಬೇರೆ ಮಾಡುವ ದಾರಿ ಇಲ್ಲವೇ ಇಲ್ಲ ಎಂದಲ್ಲ. ತೂಕವೊಂದನ್ನೇ ಹಿಡಿದು ಕೂರಬಾರದು, ಅಷ್ಟೇ. ಬಾಹ್ಯಾಕಾಶ ನಿಲ್ದಾಣದಲ್ಲಿ 2017ರಿಂದ ಇರುವ ನೈಸರ್ ಎಂಬ ಎಕ್ಸ್-ಕಿರಣ ಉಪಕರಣ ಜೆ0740ರ ತ್ರಿಜ್ಯವನ್ನೂ ಅಂದಾಜಿಸಿದೆ, 12ರಿಂದ 14 ಕಿಲೋಮೀಟರಿನ ಒಳಗೆ. 2013ರಲ್ಲಿ ಯಾಗಿ ಮತ್ತು ಯೂನೆಸ್ ಇನ್ನೂ ಚಂದದ ಒಂದು ದಾರಿ ತೋರಿಸಿದರು. ನಕ್ಷತ್ರದ ತಿರುಗುವ ಜಡತ್ವ, ಅದು ಹಿಗ್ಗುವ ಪ್ರಮಾಣ, ತಿರುಗುವಾಗ ಚಪ್ಪಟೆಯಾಗುವ ಪ್ರಮಾಣ, ಈ ಮೂರರ ನಡುವೆ ಒಂದು ನಂಟು ಉಂಟು. ಒಳಗೆ ಯಾವ ಸಾಮಾನಿದ್ದರೂ ಆ ನಂಟು ಹೆಚ್ಚುಕಮ್ಮಿ ಬದಲಾಗುವುದಿಲ್ಲ. ಎರಡನ್ನು ಬೇರೆ ಬೇರೆ ಅಳೆದು ನಂಟು ತಪ್ಪಿದೆ ಎಂದು ಕಂಡರೆ ಆಗ ಬೆರಳು ಗುರುತ್ವದ ಕಡೆ ತೋರಿಸಬಹುದು. ಇನ್ನೊಂದು ನೇರ ದಾರಿ: 3.2ಕ್ಕಿಂತ ಸ್ಪಷ್ಟವಾಗಿ ಭಾರದ, ತುಡಿತ ಕೊಡುವ ನಕ್ಷತ್ರವೊಂದು ಸಿಗಬೇಕು. ಸಿಕ್ಕಿದ ದಿನ ನಾನೇ ಬದಿಯಡ್ಕಕ್ಕೆ ಬಂದು ಆ ಹುಡುಗನಿಗೆ ಬೊಂಡ ಕೊಡಿಸುತ್ತೇನೆ.

ಈಗ ಆ ಅಪ್ಪನ ಪ್ರಶ್ನೆ. ಇದರಲ್ಲಿ ಎಂತಾದರೂ ಉಂಟು, ಆದರೆ ಯಾವ ಬಾಗಿಲಿನಿಂದ ಹೊಗುತ್ತಾಳೆ ಎಂಬುದು ಮುಖ್ಯ. ಬರೀ ಹೊಸ ಗುರುತ್ವದ ಗಣಿತ ಹಿಡಿದರೆ ಪ್ರಬಂಧಗಳು ಬೇಗ ಬರುತ್ತವೆ. ಅಪಾಯವೂ ಅಲ್ಲೇ, ಐದು ವರ್ಷದ ಕೆಲಸ 2017ರಂಥ ಒಂದು ಬೆಳಿಗ್ಗೆ ಮುಳುಗಬಹುದು. ಒತ್ತಿದ ಪದಾರ್ಥದ ಭೌತಶಾಸ್ತ್ರ ಹಿಡಿದರೆ ನಿಧಾನ, ಕಷ್ಟ, ಜನ ಕಡಿಮೆ. ಆದರೆ ಕಲಿತದ್ದು ಹಾಳಾಗುವುದಿಲ್ಲ. ಮೂರನೆಯದು ಅಳತೆಯ ಕೆಲಸ, ನನ್ನ ಪಕ್ಷಪಾತ ಇದರ ಕಡೆಗೆ. ಪುಣೆ ಜಿಲ್ಲೆಯ ನಾರಾಯಣಗಾವ್ ಹತ್ತಿರ ಜಿಎಂಆರ್‌ಟಿ ಎಂಬ ರೇಡಿಯೊ ದೂರದರ್ಶಕ ಇದೆ. ಎನ್‌ಜಿಸಿ 1851 ಎಂಬ ನಕ್ಷತ್ರ ಗುಚ್ಛದಲ್ಲಿ ಮೊದಲ ಪಲ್ಸಾರ್ ಸಿಕ್ಕಿದ್ದು ಅದಕ್ಕೇ. ಅದೇ ಗುಚ್ಛದ ಇನ್ನೊಂದು ಪಲ್ಸಾರ್‌ಗೆ 2.1ರಿಂದ 2.7ರ ನಡುವಿನ ತೂಕದ ಜೊತೆಗಾರ ಇದೆ ಎಂದು 2024ರ ಜನವರಿಯಲ್ಲಿ ಸುದ್ದಿ ಬಂತು, ಅದೂ ಏನೆಂದು ಇನ್ನೂ ಇತ್ಯರ್ಥವಾಗಿಲ್ಲ. ಮಹಾರಾಷ್ಟ್ರದ ಹಿಂಗೋಲಿ ಜಿಲ್ಲೆಯಲ್ಲಿ ಲೈಗೊ-ಇಂಡಿಯಾಕ್ಕೆ 2023ರಲ್ಲಿ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಿದೆ. ಡೇಟಾ ಮತ್ತು ಕೋಡ್ ಕಲಿತವಳಿಗೆ ಸಂಶೋಧನೆ ಕೈಕೊಟ್ಟರೂ ಬೇರೆ ಕಡೆ ಅನ್ನ ಸಿಗುತ್ತದೆ. ಇದರ ಅಪಾಯ ಎಂದರೆ ದೊಡ್ಡ ತಂಡದಲ್ಲಿ ನೂರಾರು ಹೆಸರುಗಳ ನಡುವೆ ಅವಳ ಹೆಸರು ಕಳೆದುಹೋಗುವುದು.

ಅಪ್ಪನಿಗೆ ಇನ್ನೊಂದು ಮಾತು ನೇರವಾಗಿ ಹೇಳಿ. ನೆಟ್ ಅಥವಾ ಜೆಸ್ಟ್ ಪರೀಕ್ಷೆ ದಾಟಿ ಒಳ್ಳೆಯ ಸಂಸ್ಥೆಗೆ ಸೇರಿದರೆ ಪಿಎಚ್‌ಡಿಗೆ ಮನೆಯಿಂದ ದುಡ್ಡು ಹಾಕಬೇಕಿಲ್ಲ, ತಿಂಗಳ ಫೆಲೊಶಿಪ್ ಬರುತ್ತದೆ. ಕಾಯಂ ಕೆಲಸ ಮಾತ್ರ ಬೇಗ ಸಿಗುವುದಿಲ್ಲ. ಪಿಎಚ್‌ಡಿ ಆದಮೇಲೂ ಊರೂರು ತಿರುಗುವ ಕೆಲವು ವರ್ಷ ಇದ್ದೇ ಇದೆ. ಕನ್ನಡ ಮಾಧ್ಯಮದಲ್ಲಿ ಕಲಿತದ್ದು ಅಡ್ಡಿಯಾಗುತ್ತದಾ ಎಂದು ಅವರು ಕೇಳಿಯೇ ಕೇಳುತ್ತಾರೆ. ನನಗೆ ಮೊದಲ ವರ್ಷ ಆಯಿತು, ಆಮೇಲೆ ಮರೆತುಹೋಯಿತು.

ಹುಡುಗಿಗೆ ಒಂದು ಮನೆಕೆಲಸ ಕೊಡಿ. ಓಪನ್‌ಹೈಮರ್ ಮತ್ತು ವೋಲ್ಕಾಫರ ಸಮೀಕರಣವನ್ನು ಲ್ಯಾಪ್‌ಟಾಪಿನಲ್ಲಿ ಪೈಥಾನ್ ಬರೆದು ಬಿಡಿಸಲಿ. ಒಂದು ವಾರ ಸಾಕು. ಮೊದಲು 0.7 ಬರಿಸಲಿ. ಆಮೇಲೆ ಸಾಮಾನನ್ನು ಗಟ್ಟಿ ಮಾಡುತ್ತಾ ಮಿತಿ ಎಲ್ಲಿಯವರೆಗೆ ಏರುತ್ತದೆ ನೋಡಲಿ. ಲೈಗೊ ತನ್ನ ಡೇಟಾವನ್ನು ಎಲ್ಲರಿಗೂ ತೆರೆದಿಟ್ಟಿದೆ, 2019ರ ಆಗಸ್ಟ್ 14ರದ್ದನ್ನೂ ಇಳಿಸಿಕೊಳ್ಳಬಹುದು. ಈ ಎರಡು ಕೆಲಸದಲ್ಲಿ ಯಾವುದು ಮಾಡುವಾಗ ಅವಳಿಗೆ ಊಟ ಮರೆತುಹೋಗುತ್ತದೆ ಎಂದು ಗಮನಿಸಿ, ನನಗೆ ಬರೆಯಿರಿ. ಯಾವ ಮಾರ್ಗದರ್ಶಕರನ್ನು ಕೇಳಬೇಕು ಎಂಬುದನ್ನು ಆಮೇಲೆ ಮಾತಾಡುವ.

ನಿಮ್ಮ ದೂರದರ್ಶಕದ ವಿಷಯ. ನಾಲ್ಕಿಂಚಿನದ್ದರಲ್ಲಿ ನ್ಯೂಟ್ರಾನ್ ನಕ್ಷತ್ರ ಕಾಣುವುದಿಲ್ಲ, ಆದರೆ ಅದರ ಮನೆ ಕಾಣುತ್ತದೆ. ವೃಷಭ ರಾಶಿಯ ಗೂಳಿಗೆ ಎರಡು ಕೋಡು, ಅದರಲ್ಲಿ ದಕ್ಷಿಣದ ಕೋಡಿನ ತುದಿಯ ನಕ್ಷತ್ರದ ಪಕ್ಕದಲ್ಲೇ ಏಡಿ ನೀಹಾರಿಕೆ. 1054ರಲ್ಲಿ ಚೀನಾದವರು ಹಗಲಲ್ಲೂ ಕಂಡು ಬರೆದಿಟ್ಟ ಸ್ಫೋಟದ ಅವಶೇಷ. ಅದರ ನಡುವೆ ಒಂದು ಪಲ್ಸಾರ್ ಸೆಕೆಂಡಿಗೆ 30 ಸಲ ತಿರುಗುತ್ತಿದೆ. ಡಿಸೆಂಬರ್, ಜನವರಿಯ ಚಂದ್ರನಿಲ್ಲದ ರಾತ್ರಿ ಒಳ್ಳೆಯದು. ಪೇಟೆಯ ದೀಪ ಬೀಳದ ಗುಡ್ಡೆಗೆ ಹೋಗಿ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಬೇಕು, ಮೊಬೈಲ್ ಮನೆಯಲ್ಲೇ ಬಿಟ್ಟು ಬರಲು ಮಕ್ಕಳಿಗೆ ಹೇಳಿ. ನೇರ ದಿಟ್ಟಿಸಿದರೆ ಕಾಣದು, ಸ್ವಲ್ಪ ಪಕ್ಕಕ್ಕೆ ನೋಡಬೇಕು. ಆಗ ಕನ್ನಡಿಗೆ ಉಸಿರು ಬಿಟ್ಟ ಹಾಗೆ ಒಂದು ಮಸುಕು ಕಲೆ ಕಾಣುತ್ತದೆ.